ಅರಮನೆ ಎದುರಿನ ಅಂಗಡಿ ಬಿಟ್ಟು ಇನ್ನೆಲ್ಲಿ ನೋಡಬೇಕು?

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಶಿಕ್ಷಕಿ. ಚಿತ್ರ ನೋಡುವುದೆಂದರೆ ಇಷ್ಟ, ಆದರೆ ಕ್ರಮವಾಗಿ ಕಲಿತವಳಲ್ಲ. ಮೈಸೂರಿಗೆ ಬಂದಾಗಲೆಲ್ಲ ಅರಮನೆ, ಜಗನ್ಮೋಹನ ನೋಡಿ ವಾಪಸಾಗುತ್ತೇನೆ. ದಸರಾ ಬಿಟ್ಟು ಉಳಿದ ದಿನಗಳಲ್ಲಿ ಪ್ರದರ್ಶನಗಳು ಎಲ್ಲಿ ನಡೆಯುತ್ತವೆ? ಈಗಿನ ಕಲಾವಿದರಲ್ಲಿ ಯಾರನ್ನು ಗಮನಿಸಬೇಕು? ಮನೆಗೊಂದು ಮೈಸೂರು ಶೈಲಿಯ ಚಿತ್ರ ತೆಗೆದುಕೊಳ್ಳಬೇಕೆಂದಿದ್ದೇನೆ, ಅಸಲಿಯನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಒಂದು ಮೈಸೂರು ಚಿತ್ರ ಹೇಗೆ ತಯಾರಾಗುತ್ತದೆ ಅನ್ನುವುದು ಗೊತ್ತಾದರೆ ಅಸಲಿ ನಕಲಿಯ ಪ್ರಶ್ನೆ ತಾನಾಗಿಯೇ ಸಡಿಲವಾಗುತ್ತದೆ, ಪ್ರದರ್ಶನದಲ್ಲಿ ಬೇರೆ ಚಿತ್ರಗಳ ಮುಂದೆ ನಿಂತಾಗಲೂ ಕಣ್ಣು ಚುರುಕಾಗುತ್ತದೆ.

ಹಳೆಯ ಪದ್ಧತಿಯಲ್ಲಿ ಹಲಗೆಯ ಮೇಲೆ ಬಟ್ಟೆ, ಅದರ ಮೇಲೆ ಕಾಗದ ಅಂಟಿಸಿ ಹದ ಮಾಡುತ್ತಿದ್ದರು. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ರೇಖೆ. ಮೊದಲು ಹಿನ್ನೆಲೆಯ ಆಕಾಶ, ಮಂಟಪ, ಗಿಡಮರ, ಆಮೇಲೆ ದೇವರ ಆಕೃತಿ. ಇದಾದ ಮೇಲೆ ಬರುವುದೇ ಈ ಶೈಲಿಯ ಜೀವಾಳವಾದ ಜೆಸ್ಸೋ ಕೆಲಸ. ಸಫೇದ ಅನ್ನುವ ಬಿಳಿ ಪುಡಿಯನ್ನು ಮಕ್ಕಿ ಅನ್ನುವ ಹಳದಿ ಮರದಂಟಿನೊಂದಿಗೆ ಕಲಸಿ, ಸಣ್ಣ ಕುಂಚದ ತುದಿಯಲ್ಲಿ ಎತ್ತಿಕೊಂಡು, ಕಿರೀಟ, ಸರ, ಸೀರೆಯ ಅಂಚು, ಕಂಬದ ಬಳ್ಳಿ ಇವುಗಳ ಮೇಲೆ ಎಳೆ ಎಳೆಯಾಗಿ ಇಡುತ್ತಾರೆ. ಒಣಗಿದಾಗ ಅದು ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಅದರ ಮೇಲೆ ಚಿನ್ನದ ರೇಕು. ರೇಕು ಕೂತ ಮೇಲೆ ತೆಳುವಾದ ಕಾಗದ ಹೊದಿಸಿ ನಯವಾದ ಕಲ್ಲಿನಿಂದ ಅದರ ಮೇಲೆ ಉಜ್ಜಿದರೆ ಉಬ್ಬಿದ ವಿನ್ಯಾಸ ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಮೈಸೂರಿಗೂ ತಂಜಾವೂರಿಗೂ ವ್ಯತ್ಯಾಸ ಇರುವುದು ಇಲ್ಲೇ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಚಿನ್ನ ಧಾರಾಳ, ಜೊತೆಗೆ ಗಾಜಿನ ಹರಳು. ಮೈಸೂರಿನದರಲ್ಲಿ ಉಬ್ಬು ಬಹಳ ಕಡಿಮೆ, ಹರಳಿಲ್ಲ, ಮುಖದ ಭಾವಕ್ಕೆ ಮತ್ತು ರೇಖೆಯ ನಯಕ್ಕೆ ಮೊದಲ ಮಣೆ. ಅಂಗಡಿಯಲ್ಲಿ ‘ಮೈಸೂರು ಪೇಂಟಿಂಗ್’ ಅಂತ ತೋರಿಸುವಾಗ ಹರಳು ಫಳಫಳ ಹೊಳೆದರೆ ಅದು ತಂಜಾವೂರಿನ ನೆಂಟ ಅಂತ ತಿಳಿಯಿರಿ. ಅದೂ ಒಳ್ಳೆಯ ಕೆಲಸವೇ ಆಗಿರಬಹುದು, ಆದರೆ ನೀವು ಕೇಳಿದ್ದು ಅದಲ್ಲ.

ಈಗ ಪರೀಕ್ಷೆ. ಚಿತ್ರವನ್ನು ಕಿಟಕಿಯ ಹತ್ತಿರ ತಂದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಂದೇ ಸರದ ಹತ್ತು ಮಣಿಗಳನ್ನು ನೋಡಿ. ಕೈಯಲ್ಲಿ ಇಟ್ಟದ್ದಾದರೆ ಮಣಿಯಿಂದ ಮಣಿಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅಚ್ಚಿನಲ್ಲಿ ಒತ್ತಿದ್ದಾದರೆ ಹತ್ತೂ ಒಂದೇ ತೆರ. ಆಮೇಲೆ ಭೂತಗನ್ನಡಿಯಲ್ಲಿ ಮುಖ ನೋಡಿ. ಮುದ್ರಿಸಿದ ಹಾಳೆಯ ಮೇಲೆ ಜೆಸ್ಸೋ ಮಾತ್ರ ಕೈಯಲ್ಲಿ ಹಾಕಿ ಮಾರುವವರಿದ್ದಾರೆ. ಅಂಥದ್ದರಲ್ಲಿ ಕೆನ್ನೆ, ತುಟಿಯ ಹತ್ತಿರ ಮುದ್ರಣದ ಸಣ್ಣ ಚುಕ್ಕಿಗಳು ಕಾಣುತ್ತವೆ, ಕುಂಚ ಎಳೆದ ಗುರುತು ಕಾಣುವುದಿಲ್ಲ. ಚಿನ್ನದ ವಿಚಾರ ಸ್ವಲ್ಪ ಕಷ್ಟ. ಅಸಲಿ ರೇಕು ವರ್ಷಗಟ್ಟಲೆ ಬಣ್ಣ ಬಿಡುವುದಿಲ್ಲ. ಚಿನ್ನದ ಬಣ್ಣದ ಅಗ್ಗದ ಹಾಳೆ ಕ್ರಮೇಣ ಕಪ್ಪಡರುತ್ತದೆ, ಆದರೆ ಕೊಳ್ಳುವ ದಿನ ಎರಡೂ ಒಂದೇ ಥರ ಹೊಳೆಯುತ್ತವೆ. ಅದಕ್ಕೇ ‘ಇದು ಅಸಲಿ ಚಿನ್ನವೇ?’ ಅಂತ ಬಾಯಲ್ಲಿ ಕೇಳಿ ಬಿಡಬೇಡಿ, ರಸೀತಿಯಲ್ಲಿ ಬರೆದುಕೊಡಲು ಹೇಳಿ. ಬರೆಯಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಂತೆಯೇ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ ನಿಜ, ಆದರೆ ಆ ಮಾನ್ಯತೆ ಪ್ರತಿ ಅಂಗಡಿಯ ಪ್ರತಿ ಚಿತ್ರಕ್ಕೂ ತಾನಾಗಿ ಅಂಟಿಕೊಳ್ಳುವುದಿಲ್ಲ.

ಕೊಳ್ಳುವ ಮುಂಚೆ ಒಳ್ಳೆಯದನ್ನು ನೋಡಿ ಕಣ್ಣು ಪಳಗಬೇಕು. ಜಗನ್ಮೋಹನಕ್ಕೆ ಹೋಗಿ ಬರುತ್ತೇನೆ ಅಂದಿರಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಅರಮನೆಯಲ್ಲಿ ಚಿತ್ರಶಾಲೆ ಶುರುವಾದದ್ದು 1915ರಲ್ಲಿ. ಅಲ್ಲಿಗೆ ಹೋದವರು ಮಾಡುವುದೆಲ್ಲ ಒಂದೇ: ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಗುಂಪುಗೂಡಿ, ‘ರವಿವರ್ಮ ಏನು ಬರೆದಿದ್ದಾನೆ ನೋಡಿ’ ಅಂತ ತಲೆದೂಗಿ ಬರುವುದು. ಅದು ರವಿವರ್ಮನದಲ್ಲ. ಸಾವಂತವಾಡಿಯ ಎಸ್. ಎಲ್. ಹಳದಣಕರ್ 1940ರ ದಶಕದಲ್ಲಿ ಬರೆದದ್ದು, ಎದುರಿಗೆ ನಿಂತದ್ದು ಅವರ ಮಗಳು ಗೀತಾ. ರವಿವರ್ಮನಂತೆ ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿನಲ್ಲಿ ಕೆಂಪು ಬೆಳಕು ಸೋಸಿಬರುವುದನ್ನು ನೀರಿನ ಬಣ್ಣದಲ್ಲಿ, ಒಮ್ಮೆ ಹಾಕಿದ ಬಣ್ಣವನ್ನು ಮತ್ತೆ ಸುಲಭವಾಗಿ ತಿದ್ದಲಾಗದ ಮಾಧ್ಯಮದಲ್ಲಿ ತಂದಿದ್ದಾರೆ ಅನ್ನುವುದು ತಿಳಿದು ನೋಡಿದರೆ ಬೇರೆಯೇ ಚಿತ್ರ. ರವಿವರ್ಮನ ಮೂಲ ಕೃತಿಗಳೂ ಅದೇ ಕಟ್ಟಡದಲ್ಲಿವೆ. ಎರಡನ್ನೂ ಒಂದೇ ದಿನ ನೋಡಿ ಹೋಲಿಸುವ ಅವಕಾಶ ನಮಗೆ ಮಂಡ್ಯದಿಂದ ಒಂದು ಗಂಟೆ ದೂರದಲ್ಲಿದೆ.

ಅಂಬಾವಿಲಾಸದಲ್ಲೂ, ಅಂದರೆ ದೊಡ್ಡ ಅರಮನೆಯಲ್ಲೂ, ಜನ ನೋಡದೆ ಸಾಗಿಹೋಗುವ ಕೆಲಸವಿದೆ. ಕಲ್ಯಾಣ ಮಂಟಪದ ಗೋಡೆಗಳ ಮೇಲೆ ಸಾಲಾಗಿ ದಸರಾ ಮೆರವಣಿಗೆಯ ದೊಡ್ಡ ಚಿತ್ರಗಳಿವೆ. ಪ್ರವಾಸಿಗಳು ಮೇಲಿನ ಬಣ್ಣದ ಗಾಜಿನ ಚಾವಣಿ ನೋಡುತ್ತ ಮುಂದೆ ಹೋಗುತ್ತಾರೆ. ಆ ಚಿತ್ರಗಳಲ್ಲಿ ಆನೆ, ಅಂಬಾರಿ ಮಾತ್ರವಲ್ಲ, ಮಹಡಿಯಿಂದ ಇಣುಕುವ ಹೆಂಗಸರು, ಪೇಟ ಸುತ್ತಿದ ಮುದುಕರು, ಬೀದಿ ಬದಿಯ ಮಕ್ಕಳು ಎಲ್ಲರೂ ಇದ್ದಾರೆ. ಕೆ. ಕೇಶವಯ್ಯ, ವೈ. ನಾಗರಾಜು ಮೊದಲಾದ ಮೈಸೂರಿನವರೇ ಬರೆದದ್ದು. ಸ್ಥಳೀಯ ಕಲಾವಿದರು ಯಾರು ಅಂತ ಕೇಳಿದಿರಲ್ಲ, ಆ ಪಟ್ಟಿ ಇಲ್ಲಿಂದ ಶುರುವಾಗಬೇಕು.

ಅದೇ ಅರಮನೆಯಲ್ಲಿ ಕೆ. ವೆಂಕಟಪ್ಪನವರ ಉಬ್ಬುಶಿಲ್ಪಗಳೂ ಇವೆ. 1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದವರು. ನಾಲ್ವಡಿಯವರು 1940ರಲ್ಲಿ ತೀರಿಕೊಂಡ ಮೇಲೆ ಅರಮನೆಯ ಕೆಲಸ ನಿಂತುಹೋಯಿತು, ವೆಂಕಟಪ್ಪನವರು ತಮಗೆ ಆದ ನಷ್ಟಕ್ಕಾಗಿ ಅರಮನೆಯ ಮೇಲೆಯೇ ಮೊಕದ್ದಮೆ ಹೂಡಿದರು. ಅನ್ನ ಹಾಕಿದ ಮನೆಯನ್ನು ಕೋರ್ಟಿಗೆಳೆದ ಅಂತ ಆಗ ಆಡಿಕೊಂಡವರಿದ್ದಿರಬಹುದು. ಕಲಾವಿದನ ಕೆಲಸಕ್ಕೂ ಕೂಲಿಯುಂಟು ಅನ್ನುವುದನ್ನು ಅಷ್ಟು ಗಟ್ಟಿಯಾಗಿ ಹೇಳಿದವರು ನಮ್ಮ ಸೀಮೆಯಲ್ಲಿ ಕಡಿಮೆ, ಅದಕ್ಕೆ ನನಗೆ ಅವರ ಮೇಲೆ ಚಿತ್ರಗಳಿಗಿಂತ ಒಂದು ಕೈ ಹೆಚ್ಚೇ ಗೌರವ. ಅವರ ಕೃತಿಗಳು ಹೆಚ್ಚಾಗಿ ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ.

ನೀವು ಮಂಡ್ಯದವರಾದ್ದರಿಂದ ಇನ್ನೊಂದು ಮಾತು. ಮೈಸೂರಿಗೆ ಬರುವ ದಾರಿಯಲ್ಲಿ ನಿಮ್ಮ ಜಿಲ್ಲೆಯಲ್ಲೇ ಇರುವ ಭಿತ್ತಿಚಿತ್ರವನ್ನು ದಾಟಿ ಬರುತ್ತೀರಿ. ಶ್ರೀರಂಗಪಟ್ಟಣದ ಗಂಜಾಂ ರಸ್ತೆಯ ದರಿಯಾ ದೌಲತ್, ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಬಂದಿರುತ್ತೀರಿ. ಈ ಸಲ ಒಬ್ಬರೇ ಹೋಗಿ, ಪಡುವಣ ಗೋಡೆಯ ಮುಂದೆ ನಿಲ್ಲಿ. 1780ರ ಪೊಳ್ಳಿಲೂರು ಕಾಳಗದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದ ಚಿತ್ರ ಅದು. ಮೊದಲ ನೋಟಕ್ಕೆ ಕುದುರೆ, ಕತ್ತಿ, ರುಂಡಗಳ ಗೊಂದಲ. ಸ್ವಲ್ಪ ಹೊತ್ತು ನಿಂತರೆ ಲೆಕ್ಕಾಚಾರ ಕಾಣುತ್ತದೆ. ಇಂಗ್ಲಿಷ್ ಸೈನಿಕರು ಚೌಕಾಕಾರವಾಗಿ ಬಿಗಿಯಾಗಿ ನಿಂತಿದ್ದಾರೆ, ಎಲ್ಲರ ಮುಖ ಒಂದೇ ಅಚ್ಚು. ಚೌಕದ ನಡುವೆ ಮದ್ದುಗುಂಡಿನ ಬಂಡಿ ಸ್ಫೋಟವಾಗುತ್ತಿದೆ. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಇತ್ತ ಮೈಸೂರು ಕಡೆಯ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ದೂರ ಹತ್ತಿರ ಅನ್ನುವ ಪಾಶ್ಚಾತ್ಯ ಲೆಕ್ಕ ಇಲ್ಲಿಲ್ಲ, ಮುಖ್ಯರಾದವರು ದೊಡ್ಡವರು, ಉಳಿದವರು ಸಣ್ಣವರು. ಸೋತವನ ಬೆರಳಿಗೆ ಅಷ್ಟು ಗಮನ ಕೊಟ್ಟ ಚಿತ್ರಗಾರ ಯಾರೋ, ಹೆಸರು ಉಳಿದಿಲ್ಲ. ಇನ್ನೊಂದು ವಿಚಿತ್ರ: ಟಿಪ್ಪುವಿನ ಪತನದ ನಂತರ ಇಂಗ್ಲಿಷರ ಸೋಲಿನ ಈ ಚಿತ್ರವನ್ನು ದುರಸ್ತಿ ಮಾಡಿಸಿದವರೂ ಇಂಗ್ಲಿಷರೇ. ಹಾಗಾಗಿ ನಾವೀಗ ನೋಡುವುದರಲ್ಲಿ ಹಳೆಯ ಕೈ ಎಷ್ಟು, ತಿದ್ದಿದ ಕೈ ಎಷ್ಟು ಅನ್ನುವ ಅನುಮಾನ ಇಟ್ಟುಕೊಂಡೇ ನೋಡಬೇಕು.

ಇನ್ನು ಪ್ರದರ್ಶನಗಳು. ಬೆಂಗಳೂರಿನ ಹಾಗೆ ಇಲ್ಲಿ ಬೀದಿಗೊಂದು ಖಾಸಗಿ ಗ್ಯಾಲರಿ ಇಲ್ಲ, ಇದ್ದವೂ ಬಾಗಿಲು ತೆರೆಯುತ್ತವೆ, ಮುಚ್ಚುತ್ತವೆ. ಮೈಸೂರಿನಲ್ಲಿ ಹೊಸ ಕೆಲಸ ಕಾಣಸಿಗುವುದು ಕಲಾಶಾಲೆಗಳಲ್ಲಿ ಮತ್ತು ಕೆಲಸ ನಡೆಯುವ ಮನೆಗಳಲ್ಲಿ. ಅದರಲ್ಲಿ ಮೊದಲು ಹೇಳಬೇಕಾದದ್ದು ಸಿದ್ಧಾರ್ಥನಗರದ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಎಲ್ಲರ ಬಾಯಲ್ಲಿ ‘ಕಾವಾ’. ಇದರ ಬೇರು ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಅದಕ್ಕೆ 1906ರಲ್ಲಿ ಅಡಿಗಲ್ಲು ಇಟ್ಟವರು ಆಗಿನ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವರು. ನೀವು ಕಾವೇರಿ ಎಂಪೋರಿಯಂಗೆ ಹೋಗಿದ್ದರೆ ಆ ಹಳೆಯ ಕಟ್ಟಡದೊಳಗೆ ಕಾಲಿಟ್ಟಿದ್ದೀರಿ.

ಕಾವಾದಲ್ಲಿ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ, ಛಾಯಾಚಿತ್ರ ಎಲ್ಲವನ್ನೂ ಕಲಿಸುತ್ತಾರೆ. ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳ ಕೃತಿಗಳನ್ನು ಪ್ರದರ್ಶನಕ್ಕಿಡುತ್ತಾರೆ. ಇಡೀ ವರ್ಷದಲ್ಲಿ ಒಂದೇ ಪ್ರದರ್ಶನಕ್ಕೆ ಬಿಡುವಿದೆ ಅಂತ ನೀವು ಹೇಳಿದರೆ, ನಾನು ದಸರೆಯದನ್ನು ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ. ಹುಣಸೂರು, ನಂಜನಗೂಡು, ಕೆ. ಆರ್. ಪೇಟೆ, ಕೊಳ್ಳೇಗಾಲದ ಕಡೆಯ ಹುಡುಗ ಹುಡುಗಿಯರು ಇನ್ನೂ ಮಾರುಕಟ್ಟೆಯ ರುಚಿ ಹತ್ತದೆ ಮಾಡಿದ ಕೆಲಸ ಅದು. ಕೆಲವು ಹಸಿಹಸಿ, ಕೆಲವು ಬೇರೆಯವರ ನೆರಳು. ನಡುವೆ ಒಂದೆರಡು ಮಾತ್ರ ನಿಲ್ಲಿಸಿಬಿಡುತ್ತವೆ. ಕಲಾವಿದರು ಪಕ್ಕದಲ್ಲೇ ನಿಂತಿರುತ್ತಾರೆ, ನೀವು ಮೇಷ್ಟ್ರಾಗಿದ್ದವರು, ಮಾತಾಡಿಸುವುದು ನಿಮಗೆ ಕಷ್ಟವಾಗದು.

ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲಿ ಸುಚಿತ್ರಾ ಕಲಾ ಗ್ಯಾಲರಿ ಇದೆ. ಒಬ್ಬೊಬ್ಬರ, ಗುಂಪುಗಳ ಪ್ರದರ್ಶನ ಅಲ್ಲಿ ಆಗಾಗ ನಡೆಯುತ್ತವೆ, ಕೆಲವೇ ದಿನ ಇರುತ್ತವೆ. ಮೈಸೂರಿನ ದಿನಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ದ ಅಂಕಣ ನೋಡದಿದ್ದರೆ ತಪ್ಪಿಹೋಗುತ್ತವೆ. ರಂಗಾಯಣವೂ ಅದೇ ಆವರಣದಲ್ಲಿರುವುದರಿಂದ ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ಬಂದರೆ ನಾಟಕದ ಜೊತೆಗೆ ಚಿತ್ರ, ಕರಕುಶಲದ ಮಳಿಗೆಗಳನ್ನೂ ನೋಡಿಕೊಂಡು ಹೋಗಬಹುದು. ವೆಲ್ಲಿಂಗ್ಟನ್ ಹೌಸಿನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಪ್ರಾದೇಶಿಕ ಕೇಂದ್ರ ಬುಡಕಟ್ಟು, ಜನಪದ ಕಲೆಗಳ ಪ್ರದರ್ಶನ ಏರ್ಪಡಿಸುತ್ತದೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ 1968ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯದ ತೊಗಲುಗೊಂಬೆಗಳನ್ನು ನೋಡದೆ ಈ ಸೀಮೆಯ ಚಿತ್ರದ ಮಾತು ಆಡಬಾರದು ಅಂತ ನನ್ನ ಹಟ. ಆ ಸಂಗ್ರಹ ಕಟ್ಟಲು ಓಡಾಡಿದವರಲ್ಲಿ ಪಿ. ಆರ್. ತಿಪ್ಪೇಸ್ವಾಮಿಯವರೂ ಒಬ್ಬರು, ಸ್ವತಃ ಒಳ್ಳೆಯ ನಿಸರ್ಗಚಿತ್ರಕಾರರು.

ದಸರೆಯದನ್ನು ಬೇಗ ಮುಗಿಸುತ್ತೇನೆ. ಲಲಿತಕಲೆ ಮತ್ತು ಕರಕುಶಲ ಉಪಸಮಿತಿಯವರು ಶಿಬಿರ, ಪ್ರದರ್ಶನ ನಡೆಸುತ್ತಾರೆ. ಗುಣಮಟ್ಟ ವರ್ಷದಿಂದ ವರ್ಷಕ್ಕೆ ಏರುಪೇರು. ಶಿಬಿರದ ದಿನಗಳಲ್ಲಿ ಹೋದರೆ ಕಲಾವಿದರು ಕೆಲಸ ಮಾಡುವುದನ್ನೇ ನೋಡಬಹುದು, ಗೋಡೆಗೇರಿದ ಮೇಲೆ ನೋಡುವುದಕ್ಕಿಂತ ಅದು ಮೇಲು. ಆ ಹೊತ್ತಿನಲ್ಲಿ ಮೃಗಾಲಯದ ಎದುರು, ನಜರಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಏರ್ಪಡಿಸುವ ‘ಬೊಂಬೆ ಮನೆ’ ತಪ್ಪಿಸಿಕೊಳ್ಳಬೇಡಿ. ಹಳೆಯ ಆಟದ ಮಣೆಗಳಿಗೆಂದೇ ‘ಕ್ರೀಡಾ ಕೌಶಲ್ಯ’ ಅಂತ ಪ್ರದರ್ಶನ ನಡೆಸುವವರೂ ಇವರೇ. ಚೌಕಾಬಾರ, ಅಳಗುಳಿಮಣೆ, ಪಗಡೆಯ ಹಾಸುಗಳಲ್ಲಿ ಎಂಥ ಕೈಚಳಕ ಇದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಆಟದ ಮಾತು ಬಂದದ್ದರಿಂದ ಗಂಜೀಫಾ. ದುಂಡನೆಯ, ಅಂಗೈಯಲ್ಲಿ ಹಿಡಿಯುವ, ಕೈಯಲ್ಲೇ ಬರೆದ ಇಸ್ಪೀಟು ಎಲೆಗಳು. ದಶಾವತಾರದ ಕಟ್ಟಿನಲ್ಲಿ 120 ಎಲೆ. ಮುಮ್ಮಡಿಯವರಿಗೆ ಈ ಆಟದ ಹುಚ್ಚು ಎಷ್ಟಿತ್ತೆಂದರೆ ತಾವೇ ಹೊಸ ಕಟ್ಟುಗಳನ್ನು ರೂಪಿಸಿದರು, ಅವರ ‘ಚಾಮುಂಡೇಶ್ವರಿ ಛದ’ ಅನ್ನುವ ಕಟ್ಟಿನಲ್ಲಿ 320 ಎಲೆಗಳು! ಆಡುವವರು ಸಿಗುತ್ತಿದ್ದರೋ ಇಲ್ಲವೋ, ಚಿತ್ರಗಾರರಿಗಂತೂ ಕೈತುಂಬ ಕೆಲಸ. ಈ ಕಲೆಯನ್ನು ನಮ್ಮ ಕಾಲದಲ್ಲಿ ಮತ್ತೆ ಎತ್ತಿ ನಿಲ್ಲಿಸಿದವರೆಂದರೆ ಗಂಜೀಫಾ ರಘುಪತಿ ಭಟ್ಟರು. ಬೆರಳೆಣಿಕೆಯ ಇಂಚುಗಳ ವೃತ್ತದೊಳಗೆ ಒಂದು ಪೂರ್ತಿ ಪ್ರಸಂಗ ಕೂರಿಸುವುದನ್ನು ಅವರ ಕೆಲಸದಲ್ಲಿ ನೋಡಬೇಕು. ದೊಡ್ಡ ಚಿತ್ರಕ್ಕೆ ದುಡ್ಡು ಸಾಲದವರು ಒಳ್ಳೆಯ ಕೈಯ ಒಂದೇ ಒಂದು ಗಂಜೀಫಾ ಎಲೆ ಕೊಂಡು ಚೌಕಟ್ಟು ಹಾಕಿಸಿದರೂ ನನ್ನ ಮಟ್ಟಿಗೆ ಅದು ಅಂಗಡಿಯ ದೊಡ್ಡ ಗಜಲಕ್ಷ್ಮಿಗಿಂತ ಮೇಲು.

ಈಗಿನವರಲ್ಲಿ ಮೊದಲ ಹೆಸರು ಎನ್. ಎಸ್. ಹರ್ಷ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಕಾವಾದಲ್ಲಿ ಕಲಿತು, ಬರೋಡಾಕ್ಕೆ ಹೋಗಿ, ಮತ್ತೆ ಮೈಸೂರಿಗೇ ಬಂದು ಇಲ್ಲಿಂದಲೇ ಕೆಲಸ ಮಾಡುತ್ತಿರುವವರು. 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ ಬಂತು, 2017ರಲ್ಲಿ ಟೋಕಿಯೋದ ಮೋರಿ ವಸ್ತುಸಂಗ್ರಹಾಲಯ ಅವರ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅಷ್ಟಾದರೂ ಊರಿನಲ್ಲಿ ಹೆಸರು ಹೇಳಿದರೆ ‘ಯಾರು?’ ಅನ್ನುವವರೇ ಜಾಸ್ತಿ. ಅವರ ಚಿತ್ರಗಳಲ್ಲಿ ನೂರಾರು ಸಣ್ಣ ಸಣ್ಣ ಜನ ಸಾಲಾಗಿ ಕೂತಿರುತ್ತಾರೆ, ಉಣ್ಣುತ್ತಿರುತ್ತಾರೆ, ಮಲಗಿರುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಬಾಳೆಲೆ ಮುಂದೆ ಕೂತು ಬೆಳೆದ ನಮಗೆ ಅದು ಥಟ್ಟನೆ ಪರಿಚಿತ. ಹತ್ತಿರ ಹೋದರೆ ಒಬ್ಬರಂತೆ ಇನ್ನೊಬ್ಬರಿಲ್ಲ, ಕೆಲವರು ಈ ಲೋಕದವರೇ ಅಲ್ಲ. ಅವರ ದೊಡ್ಡ ಕೃತಿಗಳು ಹೆಚ್ಚಾಗಿ ಹೊರಗೇ ಪ್ರದರ್ಶನಗೊಂಡಿವೆ. ಪುಸ್ತಕದಲ್ಲೋ ಮೊಬೈಲಿನಲ್ಲೋ ಹುಡುಕಿಯಾದರೂ ನೋಡಿ.

ಶಿಲ್ಪದಲ್ಲಿ ಅರುಣ್ ಯೋಗಿರಾಜ್ ಹೆಸರು ನಾನು ಹೇಳಬೇಕಾಗಿಲ್ಲ. ಕೇದಾರನಾಥದ ಶಂಕರಾಚಾರ್ಯ, ದೆಹಲಿಯ ಇಂಡಿಯಾ ಗೇಟಿನ ನೇತಾಜಿ, ಆಮೇಲೆ 2024ರ ಜನವರಿಯಲ್ಲಿ ಪ್ರತಿಷ್ಠೆಯಾದ ಅಯೋಧ್ಯೆಯ 51 ಅಂಗುಲದ ಬಾಲರಾಮ. ಆ ಕೃಷ್ಣಶಿಲೆ ಸಿಕ್ಕಿದ್ದು ಮೈಸೂರು ತಾಲ್ಲೂಕಿನ ಗುಜ್ಜೇಗೌಡನಪುರದ ಹತ್ತಿರ. ಎಲ್ಲರೂ ವಿಗ್ರಹ ನೋಡಿದರು, ಅದರ ಹಿಂದಿನ ಮನೆತನವನ್ನು ನೋಡಿದವರು ಕಡಿಮೆ: ತಂದೆ ಯೋಗಿರಾಜ ಶಿಲ್ಪಿ, ತಾತ ಬಿ. ಬಸವಣ್ಣ ಶಿಲ್ಪಿ. ಇಂಥ ಇನ್ನೆಷ್ಟೋ ಮನೆತನಗಳು ಮೈಸೂರಿನಲ್ಲಿ ಉಳಿ ಹಿಡಿದು ಕೂತಿವೆ, ದೇವಸ್ಥಾನದವರು ಬಿಟ್ಟರೆ ಅವರ ಬಾಗಿಲಿಗೆ ಹೋಗುವವರಿಲ್ಲ. ಲೋಹದ ಕೆಲಸ ನೋಡಬೇಕಾದರೆ ಮೈಸೂರಿಗೂ ಬರಬೇಕಿಲ್ಲ, ನಿಮ್ಮ ನಾಗಮಂಗಲವೇ ಎರಕದ ವಿಗ್ರಹಗಳಿಗೆ ಹೆಸರಾದ ಊರು.

ಹೆಸರಾಗದವರನ್ನು ಗುರುತಿಸುವುದು ಹೇಗೆ? ಒಂದೇ ಚಿತ್ರ ನೋಡಿ ತೀರ್ಮಾನಿಸಬೇಡಿ, ‘ಇನ್ನೇನಿದೆ?’ ಅಂತ ಕೇಳಿ. ಫೈಲು ಬಿಚ್ಚಿ ಸ್ಕೆಚ್ಚುಗಳನ್ನು ತೋರಿಸುವವರಲ್ಲಿ ಸರಕಿದೆ. ಬುದ್ಧ, ಕುದುರೆ, ರಾಧಾಕೃಷ್ಣ ಇಷ್ಟೇ ಇದ್ದರೆ ಅವು ಡ್ರಾಯಿಂಗ್ ರೂಮಿನ ಸೋಫಾಕ್ಕೆ ಹೊಂದುವಂತೆ ಬರೆದವು. ತನ್ನ ಊರಿನ ಕಬ್ಬಿನ ಗದ್ದೆ, ಆಲೆಮನೆ, ನಾಲೆ, ಬಸ್‌ಸ್ಟ್ಯಾಂಡನ್ನು ಪದೇ ಪದೇ ಬರೆಯುತ್ತಿರುವ ಹುಡುಗಿ ಸಿಕ್ಕರೆ ಫೋನ್ ನಂಬರ್ ತೆಗೆದುಕೊಳ್ಳಿ, ಎರಡು ವರ್ಷ ಬಿಟ್ಟು ಮತ್ತೆ ನೋಡಿ. ನಿಮ್ಮ ಜಿಲ್ಲೆಯ ಪ್ರೌಢಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳನ್ನೂ ಮರೆಯಬೇಡಿ. ಬೆಳಿಗ್ಗೆ ಪೀರಿಯಡ್ಡು, ರಾತ್ರಿ ಕ್ಯಾನ್ವಾಸು ಅಂತ ಬದುಕುವ ಒಳ್ಳೆಯ ಕಲಾವಿದರು ಅವರಲ್ಲಿದ್ದಾರೆ, ನಿಮ್ಮ ಸಹೋದ್ಯೋಗಿಗಳಲ್ಲೇ ಯಾರೋ ಇದ್ದಿರಬೇಕು. ಜನವರಿಯ ಮೊದಲ ಭಾನುವಾರ ಬೆಂಗಳೂರಿನ ಚಿತ್ರಸಂತೆಗೆ ಇವರಲ್ಲಿ ಹಲವರು ಬಸ್ಸಿನಲ್ಲಿ ಚಿತ್ರಗಳ ಗಂಟು ಹೊತ್ತು ಹೋಗುತ್ತಾರೆ. ಅಲ್ಲಿ ಅವರನ್ನು ಹುಡುಕುವುದಕ್ಕಿಂತ ಇಲ್ಲೇ ಮನೆಗೆ ಹೋಗಿ ನೋಡುವುದು ಸುಲಭ.

ಬೆಲೆಯ ಮಾತು. ಅರಮನೆ ಸುತ್ತಲಿನ ಅಂಗಡಿಗೆ ಆಟೋದವರು ಕರೆದುಕೊಂಡು ಹೋದರೆ ಅವರ ಕಮಿಷನ್ನೂ ನಿಮ್ಮ ಬೆಲೆಯಲ್ಲಿ ಸೇರಿರುತ್ತದೆ. ನೇರ ಕಲಾವಿದರ ಹತ್ತಿರ ಕೊಂಡರೆ ಆ ಹಣ ಉಳಿಯುತ್ತದೆ, ಅದಕ್ಕಾಗಿಯೇ ಅಲ್ಲಿ ದೇವರಾಜ ಮಾರ್ಕೆಟ್ಟಿನ ಚೌಕಾಸಿ ಬೇಡ. ಒಟ್ಟಿಗೆ ಕೊಡಲಾಗದಿದ್ದರೆ ಎರಡು ಮೂರು ಕಂತು ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ಮೈಸೂರು ಶೈಲಿಯದನ್ನು ಹೇಳಿ ಮಾಡಿಸುವುದಾದರೆ ಕೆಲಸ ಅರ್ಧವಾದಾಗ, ಜೆಸ್ಸೋ ಹಾಕಿ ಇನ್ನೂ ರೇಕು ಇಡುವ ಮುಂಚೆ, ಒಮ್ಮೆ ಹೋಗಿ ನೋಡಿ ಬನ್ನಿ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಆಗ ಬೇಕಾಗುವುದೇ ಇಲ್ಲ. ಹಿಂಬದಿಯಲ್ಲಿ ಕಲಾವಿದರ ಸಹಿ, ವರ್ಷ, ಬಳಸಿದ ಬಣ್ಣ ಬರೆಸಿಕೊಳ್ಳಿ.

ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಇರಲೇಬೇಕು. ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಜೆಸ್ಸೋ ಗಾಜಿಗೆ ಅಂಟಿಕೊಂಡು, ತೆಗೆಯುವಾಗ ರೇಕಿನ ಸಮೇತ ಕಿತ್ತುಬರುತ್ತದೆ. ದೇವರ ಚಿತ್ರ ಅಂತ ದೀಪದ ಹೊಗೆ ಬಡಿಯುವ ಕಡೆ ತೂಗುಹಾಕಬೇಡಿ, ಬಿಸಿಲು ನೇರ ಬೀಳುವ ಗೋಡೆಯೂ ಬೇಡ. ಅಡುಗೆಮನೆಗೆ ಹೊಂದಿಕೊಂಡ ಗೋಡೆಯಂತೂ ಖಂಡಿತ ಬೇಡ.